ಕೇದರಕ್ಕೆ ರಾತ್ರಿ ಗಾಳ: ಯಾವ ಬೋಟು, ಯಾವ ವಿಧಾನ, ಯಾವ ಸಾಮಾನು

ಮಲ್ಪೆಯಿಂದಲೋ ಮಂಗಳೂರು ಧಕ್ಕೆಯಿಂದಲೋ ರಾತ್ರಿ ಬೋಟು ಹತ್ತುವ ಹವ್ಯಾಸಿಗಳಲ್ಲಿ ಹೆಚ್ಚಿನವರು ರಾತ್ರಿಯಿಡೀ ಮೀನು ಕಚ್ಚುತ್ತದೆ ಎಂದುಕೊಂಡೇ ಹೊರಡುತ್ತಾರೆ. ಕೇದರದ, ಅಂದರೆ ಟ್ಯೂನಾ ಮೀನಿನ, ಮಟ್ಟಿಗೆ ಇದು ಅರ್ಧ ಮಾತ್ರ ನಿಜ. ಕೇದರ ಮುಖ್ಯವಾಗಿ ಕಣ್ಣನ್ನು ನಂಬಿ ಬೇಟೆಯಾಡುವ ಮೀನು. ಅದು ಹುಚ್ಚೆದ್ದು ತಿನ್ನುವುದು ಬೆಳಕು ಹರಿಯುವ ಹೊತ್ತಿಗೆ ಮತ್ತು ಸಂಜೆ ಬೆಳಕು ಇಳಿಯುವಾಗ. ರಾತ್ರಿ ಪ್ರಯಾಣದ ನಿಜವಾದ ಲಾಭವೆಂದರೆ, ಮೂಡಲು ಕೆಂಪಾಗುವಾಗ ನೀವು ಸರಿಯಾದ ಆಳದ ಮೇಲೆ ಇರುತ್ತೀರಿ. ಮುಂದೆ ಹೇಳುವ ಬೋಟು, ರಾಡು, ಗಾಳಗಳ ಆಯ್ಕೆಯೆಲ್ಲ ಆ ಒಂದೂವರೆ ಗಂಟೆಗಾಗಿಯೇ.

ಲೆಕ್ಕ ಹಾಕಿ ನೋಡಿ. ನಮ್ಮ ತೀರದಲ್ಲಿ ಕಡಲತಳ ನಿಧಾನವಾಗಿ ಇಳಿಯುತ್ತದೆ. ಆಳ ಒಮ್ಮೆಲೇ ಧುಮುಕುವ ಅಂಚು ಪಶ್ಚಿಮಕ್ಕೆ ಸುಮಾರು 80–100 ಕಿ.ಮೀ. ದೂರ. ಅಲ್ಲಿ ನೀರು ನೂರು ಮೀಟರ್, ಅಂದರೆ ಐವತ್ತೈದು ಮಾರು ದಾಟುತ್ತದೆ, ಬಣ್ಣ ಹಸಿರಿನಿಂದ ನೀಲಿಗೆ ತಿರುಗುತ್ತದೆ. ಎಂಟು ನಾಟ್ ಓಡುವ ಮರದ ಬೋಟಿಗೆ ಗಂಟೆಗೆ ಹದಿನೈದು ಕಿ.ಮೀ. ಹತ್ತಿರದ ವೇಗ, 90 ಕಿ.ಮೀ.ಗೆ ಆರು ಗಂಟೆ ಬೇಕು. ಬೆಳಿಗ್ಗೆ ಐದಕ್ಕೆ ಹೊರಟರೆ ಮುಟ್ಟುವಾಗ ಹನ್ನೊಂದು, ಮೀನು ಕೆಳಗಿಳಿದಿರುತ್ತದೆ. ರಾತ್ರಿ ಒಂಬತ್ತಕ್ಕೆ ಹೊರಟರೆ ಮೂರಕ್ಕೆ ಮುಟ್ಟಿ, ಎರಡು ಗಂಟೆ ಬೋಟನ್ನು ತೇಲಲು ಬಿಟ್ಟು ಸಿದ್ಧವಾಗಬಹುದು.

ಯಾವ ಕೇದರಕ್ಕೆ ಹೋಗುತ್ತಿದ್ದೀರಿ?

ಇದನ್ನು ಮೊದಲು ತೀರ್ಮಾನಿಸಬೇಕು. ಬೋಟಿನ ಆಯ್ಕೆ ಇದರ ಮೇಲೆಯೇ ನಿಲ್ಲುತ್ತದೆ. ತೀರಕ್ಕೆ ಹತ್ತಿರ ಗುಂಪುಗಟ್ಟಿ ತಿರುಗುವುದು ಎರಡರಿಂದ ಐದು ಕಿಲೋದ ಸಣ್ಣ ಕೇದರ. ಬೆನ್ನಿನ ಹಿಂಭಾಗದಲ್ಲಿ ಅಂಕುಡೊಂಕು ಗೆರೆ, ಎದೆಯ ರೆಕ್ಕೆಯ ಕೆಳಗೆ ಕೆಲವು ಕಪ್ಪು ಚುಕ್ಕೆ ಇದರ ಗುರುತು. ಸ್ಕಿಪ್‌ಜ್ಯಾಕ್ ಎಂಬ ಕೇದರ ಹೊರಗಿನ ನೀಲಿ ನೀರಿನದು. ಬೆನ್ನು ಸಾದಾ, ಹೊಟ್ಟೆಯ ಮೇಲೆ ಉದ್ದಕ್ಕೆ ನಾಲ್ಕಾರು ಕಪ್ಪು ಪಟ್ಟೆ. ಯೆಲ್ಲೋಫಿನ್ ಎಂಬ ಹಳದಿ ರೆಕ್ಕೆಯ ಕೇದರವೂ ಹೊರಗಿನದೇ. ಬೆನ್ನಿನ ಎರಡನೇ ರೆಕ್ಕೆಯೂ ಬಾಲದ ಹತ್ತಿರದ ಸಾಲು ಕಿರುರೆಕ್ಕೆಗಳೂ ಹಳದಿ. ಮರಿ ಮೂರು ಕಿಲೋ ಇರಬಹುದು, ದೊಡ್ಡದು ನಲವತ್ತು ಕಿಲೋ ದಾಟುತ್ತದೆ.

ಸಣ್ಣ ಕೇದರವೇ ಸಾಕು ಎನ್ನುವವರಿಗೆ ರಾತ್ರಿ ಪ್ರಯಾಣ ದುಡ್ಡಿನ ದಂಡ. ತೀರದಿಂದ 10–25 ಕಿ.ಮೀ. ಒಳಗೆ ಬೆಳಗಿನ ಹೊತ್ತು ಕಡಲಹಕ್ಕಿಗಳು ಮುಳುಗಿ ಏಳುವ ಕಡೆ ಅದು ಸಿಗುತ್ತದೆ. ಐದಕ್ಕೆ ಹೊರಟು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಹಳದಿ ರೆಕ್ಕೆಯದ್ದೇ ಬೇಕು ಎನ್ನುವವರು ಮಾತ್ರ ರಾತ್ರಿ ಬೋಟಿನ ಮಾತು ಎತ್ತಲಿ. ಅಂಚಿಗೆ ಹೋದ ಮಾತ್ರಕ್ಕೆ ಅದು ಸಿಕ್ಕೀತು ಎಂಬ ಖಾತ್ರಿಯೂ ಇಲ್ಲ.

ಬೋಟು: ಮೂರು ದಾರಿ

ಔಟ್‌ಬೋರ್ಡ್ ಎಂಜಿನಿನ ಫೈಬರ್ ದೋಣಿ ವೇಗದ್ದು. ಇಪ್ಪತ್ತು ನಾಟ್ ಓಡಿದರೆ ಎರಡೂವರೆ ಗಂಟೆಯಲ್ಲಿ ಅಂಚು ಮುಟ್ಟೀತು. ಆದರೆ ಆ ಓಟದಲ್ಲಿ ನೂರು ಅಶ್ವಶಕ್ತಿಯ ಎಂಜಿನ್ ಗಂಟೆಗೆ 25–35 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಹೋಗಿ ಬರುವುದಕ್ಕೇ 150 ಲೀಟರ್ ಹತ್ತಿರ, ಮೇಲೆ ಮೂರನೇ ಒಂದು ಪಾಲು ಮೀಸಲು ಬೇಕು. ಅಷ್ಟು ಪೆಟ್ರೋಲನ್ನು ಕ್ಯಾನುಗಳಲ್ಲಿ ತುಂಬಿ, ಮಲಗಲು ಜಾಗವಿಲ್ಲದೆ, ಒಂದೇ ಎಂಜಿನ್ ನಂಬಿ ಅಷ್ಟು ದೂರ ಹೋಗುವುದು ಸಾಹಸವಲ್ಲ, ಉಡಾಫೆ. ಈ ದೋಣಿ ಹಗಲಿನ ಸಣ್ಣ ಕೇದರಕ್ಕೆ ಹೇಳಿ ಮಾಡಿಸಿದ್ದು, ರಾತ್ರಿಗೆ ಅಲ್ಲ.

ತಳಕ್ಕೆ ಬಲೆ ಎಳೆಯುವ ಟ್ರಾಲ್‌ಬೋಟು ಗಟ್ಟಿ, ಐಸ್ ತುಂಬುವ ಉಗ್ರಾಣ ದೊಡ್ಡದು, ನಾಲ್ಕಾರು ದಿನ ಕಡಲಲ್ಲಿ ನಿಲ್ಲುವ ತಾಕತ್ತು ಉಂಟು. ತೊಂದರೆ ಅದರ ಹಿಂಭಾಗದ್ದು. ವಿಂಚ್, ಕಬ್ಬಿಣದ ಕಮಾನು, ಬಲೆಯ ರಾಶಿ, ಉಕ್ಕಿನ ಹಗ್ಗ, ಇವುಗಳ ನಡುವೆ ಎಂಟಡಿಯ ರಾಡು ಬೀಸಲಿಕ್ಕೆ ಆಗುವುದಿಲ್ಲ. ಮೀನು ಎಳೆದುಕೊಂಡು ಬೋಟಿನ ಸುತ್ತ ಓಡಿದಾಗ ರಾಡು ಹಿಡಿದು ಅದರ ಹಿಂದೆ ಹೋಗುವ ದಾರಿಯೂ ಇರುವುದಿಲ್ಲ. ದಾರ ಯಾವುದಾದರೂ ಕಬ್ಬಿಣಕ್ಕೆ ತಾಗಿ ತುಂಡಾಗುತ್ತದೆ.

ರಾತ್ರಿಗೆ ಒಳ್ಳೆಯದು ಗಿಲ್‌ನೆಟ್ (ನೀರಿನಲ್ಲಿ ಗೋಡೆಯಂತೆ ನಿಲ್ಲಿಸುವ ಬಲೆ) ಅಥವಾ ಗಾಳದ ಕೆಲಸಕ್ಕೆಂದೇ ಕಟ್ಟಿದ 35–50 ಅಡಿಯ ಬೋಟು. ಹಿಂಭಾಗ ಬಯಲು, ಅಂಚಿನ ಎತ್ತರ ನೀರಿಗೆ ಹತ್ತಿರ, ಡೀಸೆಲ್ ಎಂಜಿನ್ ಒಳಗೆ. ಎಲ್ಲಕ್ಕಿಂತ ಹೆಚ್ಚಾಗಿ, ಅದರ ತಾಂಡೇಲನಿಗೆ, ಅಂದರೆ ಬೋಟು ನಡೆಸುವವನಿಗೆ, ಮೇಲುನೀರಿನ ಮೀನು ಗೊತ್ತು. ತಳಕ್ಕೆ ಬಲೆ ಎಳೆದು ಬೆಳೆದವರು ತಳದ ಕಲ್ಲು ಹುಡುಕುತ್ತಾರೆ; ಗಿಲ್‌ನೆಟ್ಟಿನವರು ಹಕ್ಕಿ ನೋಡುತ್ತಾರೆ, ನೀರಿನ ಬಣ್ಣದ ಗೆರೆ ನೋಡುತ್ತಾರೆ, ತೇಲುವ ಮರದ ದಿಮ್ಮಿ ಕಂಡರೆ ಬೋಟು ತಿರುಗಿಸುತ್ತಾರೆ. ಬೋಟಿನ ಉದ್ದಕ್ಕಿಂತ ಈ ವ್ಯತ್ಯಾಸ ದೊಡ್ಡದು.

ಬೋಟು ನೋಡುವಾಗ ಕೇಳಬೇಕಾದ್ದು: ತೇಲುವಾಗ ಮೂತಿಯನ್ನು ಗಾಳಿಗೆ ಹಿಡಿದಿಡುವ ಬಟ್ಟೆಯ ಕಡಲ ಲಂಗರು ಉಂಟೇ? ಇಲ್ಲದಿದ್ದರೆ ಬೋಟು ಅಲೆಗೆ ಅಡ್ಡ ಬಿದ್ದು ರಾತ್ರಿಯಿಡೀ ಹೊರಳುತ್ತದೆ. ಯಾರೂ ನಿದ್ದೆ ಮಾಡುವುದಿಲ್ಲ, ಅರ್ಧ ಜನ ವಾಂತಿ ಮಾಡುತ್ತಾರೆ. ವಿಎಚ್‌ಎಫ್ ರೇಡಿಯೋ ಸೆಟ್ ಕೆಲಸ ಮಾಡುತ್ತದೆಯೇ? 16ನೇ ಚಾನೆಲ್‌ನಲ್ಲಿ ಎದುರಿಗೇ ಮಾತಾಡಿಸಿ ನೋಡಿ. ತಲೆಗೊಂದು ಲೈಫ್ ಜಾಕೆಟ್ ಬೇಕು. ದರದಲ್ಲಿ ಡೀಸೆಲ್, ಐಸ್, ಊಟ, ಜನರ ಬಾಟಾ ಎಲ್ಲ ಸೇರಿದೆಯೇ ಎಂದು ಮೊದಲೇ ಬಿಡಿಸಿಕೊಳ್ಳಿ. ಮೀನುಗಾರಿಕೆಯ ನೋಂದಣಿ ಬೇರೆ, ಬಾಡಿಗೆಗೆ ಜನರನ್ನು ಒಯ್ಯುವ ಅನುಮತಿ ಬೇರೆ. ಎರಡನೆಯ ಕಾಗದ ಇಲ್ಲದ ಬೋಟಿನಲ್ಲಿ ಅವಘಡವಾದರೆ ವಿಮೆಯ ಮಾತು ಅಲ್ಲಿಗೇ ನಿಂತೀತು. ನಿಮ್ಮ ಗುರುತಿನ ಚೀಟಿಯೂ ಕೈಯಲ್ಲಿರಲಿ, ಕರಾವಳಿ ಕಾವಲು ಪಡೆಯವರು ಕಡಲಲ್ಲೇ ತಪಾಸಣೆ ಮಾಡುತ್ತಾರೆ.

“ಜನರೇಟರ್ ಹಾಕಿ ಲೈಟ್ ಬಿಡುತ್ತೇವೆ, ಮೀನು ತಾನಾಗಿ ಬರುತ್ತದೆ” ಎಂದು ಆಸೆ ತೋರಿಸುವ ಬೋಟನ್ನು ಬಿಟ್ಟುಬಿಡಿ. ಪ್ರಖರ ದೀಪದಿಂದ ಮೀನು ಸೆಳೆಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಮ್ಮ ದೇಶದ ಇಡೀ ಕಡಲ ಆರ್ಥಿಕ ವಲಯದಲ್ಲಿ ನಿಷೇಧಿಸಿದೆ. ನಾಡದೋಣಿಯವರಿಗೂ ಲೈಟ್ ಬೋಟಿನವರಿಗೂ ಇದೇ ವಿಷಯಕ್ಕೆ ಎಷ್ಟು ಜಗಳ ನಡೆದಿದೆ ಎಂದು ಧಕ್ಕೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೆಲಸ ಮಾಡಲು ಬೇಕಾದ ಡೆಕ್ಕಿನ ಬಲ್ಬು ಬೇರೆ ಮಾತು.

ಯಾವ ತಿಂಗಳು

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕಡಲು ಇನ್ನೂ ಒರಟು, ತೀರದ ನೀರು ಹಸಿರು. ನವೆಂಬರ್ ನಡುವಿನಿಂದ ಮಾರ್ಚ್ ಕೊನೆಯವರೆಗಿನ ಕಾಲವೇ ರಾತ್ರಿ ಪ್ರಯಾಣಕ್ಕೆ ಸರಿ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಪಡುಗಾಳಿ ಬಲವಾಗುತ್ತದೆ, ಮರಳುವ ದಾರಿ ಕಷ್ಟ. ಮೇ ಬೇಡ. ಅರಬ್ಬೀ ಕಡಲಿನ ಚಂಡಮಾರುತಗಳು ಮಳೆಗಾಲದ ಹಿಂದೆ ಮುಂದೆಯೇ ಏಳುತ್ತವೆ: 2021ರ ಮೇಯಲ್ಲಿ ತೌಕ್ತೆ, 2017ರ ನವೆಂಬರ್ ಕೊನೆಯಲ್ಲಿ ಓಖಿ. ಹೊರಡುವ ದಿನ ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯನ್ನೂ, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಅಲೆಯ ಮುನ್ಸೂಚನೆಯನ್ನೂ ನೋಡಲೇಬೇಕು. ಅದೇ ಸಂಸ್ಥೆ ಉಪಗ್ರಹದಿಂದ ನೀರಿನ ಉಷ್ಣತೆ ಮತ್ತು ಹಸಿರಿನ ಅಂಶ ನೋಡಿ ಮೀನು ಸಿಗಬಹುದಾದ ಜಾಗದ ಸೂಚನೆ ಕೊಡುತ್ತದೆ. ಕೇದರಕ್ಕೆ ಪ್ರತ್ಯೇಕವಾಗಿಯೂ ಕೊಡುತ್ತದೆ. ಖರ್ಚಿಲ್ಲದ ಈ ಮಾಹಿತಿಯನ್ನು ನೋಡದೆ ಡೀಸೆಲ್ ಸುಡುವುದು ಯಾಕೆ?

ಇನ್ನೊಂದು ಲೆಕ್ಕ ಅಳಿವೆ ಬಾಗಿಲಿನದು. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಹೊರಗೆ ನುಗ್ಗುತ್ತಾ ಕಡಲಿನ ಅಲೆ ಒಳಗೆ ಬರುತ್ತಾ ಇದ್ದರೆ ಮರಳುದಿಬ್ಬದ ಮೇಲೆ ಅಲೆ ಗೋಡೆಯಾಗಿ ನಿಲ್ಲುತ್ತದೆ. ಹಾಗಾಗಿ ಮರಳುವ ಹೊತ್ತನ್ನು ಭರತಕ್ಕೆ ಹೊಂದಿಸಿ, ಅದರಿಂದ ಹಿಂದಕ್ಕೆ ಎಣಿಸಿ ಹೊರಡುವ ಹೊತ್ತು ಗೊತ್ತು ಮಾಡಿಕೊಳ್ಳಿ.

ವಿಧಾನ: ಗಡಿಯಾರ ನೋಡಿ ಆರಿಸಿ

ಜಿಗ್ಗಿಂಗ್ (ಲೋಹದ ಆಮಿಷವನ್ನು ಆಳಕ್ಕಿಳಿಸಿ ಮೇಲಕ್ಕೆ ಜಗ್ಗಿ ಆಡಿಸುವುದು) ಒಳ್ಳೆಯದೋ ಟ್ರೋಲಿಂಗ್ (ಓಡುವ ಬೋಟಿನ ಹಿಂದೆ ಆಮಿಷ ಎಳೆಯುವುದು) ಒಳ್ಳೆಯದೋ ಎಂಬ ವಾದಕ್ಕೆ ಕೊನೆಯಿಲ್ಲ. ಒಂದೇ ರಾತ್ರಿಯಲ್ಲಿ ನಾಲ್ಕು ವಿಧಾನಕ್ಕೂ ಅದರದ್ದೇ ಹೊತ್ತು ಉಂಟು.

ಮೂರರಿಂದ ಐದರವರೆಗೆ, ಬೋಟು ತೇಲುತ್ತಿರುವಾಗ, ಜೀವಂತ ಆಮಿಷ. ಡೆಕ್ಕಿನ ಬೆಳಕಿಗೆ ಬೊಂಡಾಸ್ (ಸ್ಕ್ವಿಡ್) ತಾನಾಗಿ ಹತ್ತಿರ ಬರುವುದುಂಟು; ಮೂರು ಇಂಚಿನ ಬೊಂಡಾಸ್ ಗಾಳ ಇಳಿಸಿ ನಾಲ್ಕೈದು ಹಿಡಿದುಕೊಳ್ಳಿ. ಇಲ್ಲದಿದ್ದರೆ ಧಕ್ಕೆಯಿಂದ ತಂದ ಬಂಗುಡೆಯೂ ಆಗುತ್ತದೆ, ಆದರೆ ಸತ್ತ ಮೀನಿಗೆ ಕೇದರಕ್ಕಿಂತ ಮೊದಲು ಶಾರ್ಕ್ ಬರುತ್ತದೆ. 6/0 ಅಥವಾ 7/0 ಅಳತೆಯ ದುಂಡು ಗಾಳವನ್ನು ಬೊಂಡಾಸಿನ ಮೇಲ್ತುದಿಗೆ ಚುಚ್ಚಿ, ಒಂದು ದಾರ 15 ಮೀಟರ್ ಆಳಕ್ಕೆ, ಇನ್ನೊಂದು 40 ಮೀಟರಿಗೆ ಬಿಡಿ. ಹೆಚ್ಚಿನವರು ಕೆಡಿಸುವುದು ಇಲ್ಲೇ: ಕಚ್ಚಿದ ಕೂಡಲೇ ರಾಡನ್ನು ಝಾಡಿಸಿ ಎಳೆಯುತ್ತಾರೆ. ದುಂಡು ಗಾಳಕ್ಕೆ ಅದು ವಿಷ, ಬಾಯಿಂದ ಗಾಳ ಜಾರಿ ಬರುತ್ತದೆ. ಮೀನು ಐದು ಎಣಿಸುವಷ್ಟು ಹೊತ್ತು ದಾರ ಎಳೆದುಕೊಂಡು ಹೋಗಲಿ, ಆಮೇಲೆ ರೀಲನ್ನು ಬಿಗಿಮಾಡಿ ಸುಮ್ಮನೆ ಸುತ್ತಿ. ಗಾಳ ತಾನಾಗಿ ತಿರುಗಿ ಬಾಯಿಯ ಮೂಲೆಗೆ ಕೂರುತ್ತದೆ.

ಇದೇ ಹೊತ್ತಿನಲ್ಲಿ ಜಿಗ್ಗಿಂಗ್ ಕೂಡ ಮಾಡಬಹುದು. ನೀರಿನೊಳಗಿನ ಮೀನನ್ನು ಪರದೆಯಲ್ಲಿ ತೋರಿಸುವ ಫಿಶ್‌ಫೈಂಡರಿನಲ್ಲಿ 40–80 ಮೀಟರ್ ಆಳದಲ್ಲಿ ಕಮಾನಿನಂಥ ಗುರುತು ಕಂಡರೆ 150–250 ಗ್ರಾಂ ಲೋಹದ ಜಿಗ್ ಇಳಿಸಿ, ಗುರುತಿಗಿಂತ ಹತ್ತು ಮೀಟರ್ ಕೆಳಗಿನಿಂದ ಮೇಲಕ್ಕೆ ಕೆಲಸ ಮಾಡಿಸಿ. ಗುರುತೇ ಇಲ್ಲದೆ ಕತ್ತಲಲ್ಲಿ ಜಿಗ್ ಆಡಿಸುವುದು ಬರೀ ತೋಳಿನ ವ್ಯಾಯಾಮ. ದಾರ ನೀರಿನಲ್ಲಿ ತೀರಾ ಓರೆಯಾಗಿ ಹೋಗುತ್ತಿದ್ದರೆ ಜಿಗ್ ಹಗುರವಾಯಿತು ಎಂದರ್ಥ. ನೂರು ಗ್ರಾಂ ಹೆಚ್ಚಿನದು ಹಾಕಿ.

ಆರರಿಂದ ಏಳೂವರೆ ಚಿನ್ನದ ಹೊತ್ತು. ಬೆಳಕು ಬಂದ ಕೂಡಲೇ ಟ್ರೋಲಿಂಗ್ ಶುರು ಮಾಡಿ: ಬೋಟು ಆರರಿಂದ ಏಳು ನಾಟ್, ಹಿಂದೆ ನಾಲ್ಕೇ ದಾರ. ಅಂಚಿನವು 40 ಮತ್ತು 50 ಮೀಟರ್ ದೂರ, ಒಳಗಿನವು 20 ಮತ್ತು 30. ದೂರ ಒಂದೇ ಆದರೆ ಬೋಟು ತಿರುಗುವಾಗ ನಾಲ್ಕೂ ಸೇರಿ ಜಡೆ ಹೆಣೆದುಕೊಳ್ಳುತ್ತವೆ. ಹತ್ತಿರದ ಎರಡಕ್ಕೆ 14–18 ಸೆಂ.ಮೀ. ಮುಳುಗುವ ಮಿನ್ನೋ (ಪುಟ್ಟ ಮೀನಿನ ಆಕಾರದ ಹುಸಿ ಆಮಿಷ), ದೂರದ ಎರಡಕ್ಕೆ ಐದಾರು ಇಂಚಿನ ಪುಕ್ಕದ ಲ್ಯೂರ್ (ಹುಸಿ ಆಮಿಷ). ಮಿನ್ನೋ ಒಂದು ಬದಿಗೆ ವಾಲಿ ನೀರಿನಿಂದ ಹಾರುತ್ತಿದ್ದರೆ ವೇಗ ಹೆಚ್ಚಾಗಿದೆ, ಇಲ್ಲವೇ ಮೂಗಿನ ಕೊಂಡಿ ಬಾಗಿದೆ. ಟ್ರೋಲಿಂಗ್‌ಗೆ ಇರುವ ದೊಡ್ಡ ಗುಣವೆಂದರೆ ಜಾಗ ಹುಡುಕುವುದು. ಒಂದು ದಾರಕ್ಕೆ ಮೀನು ಬಿದ್ದ ಕೂಡಲೇ ಜಿಪಿಎಸ್‌ನಲ್ಲಿ ಗುರುತು ಹಾಕಿ, ಬೋಟನ್ನು ಥಟ್ಟನೆ ನಿಲ್ಲಿಸದೆ ಇನ್ನೂ ಹತ್ತು ಸೆಕೆಂಡು ಓಡಿಸಿ. ಗುಂಪಿನ ಇನ್ನೊಂದು ಮೀನು ಉಳಿದ ಲ್ಯೂರಿಗೆ ಬೀಳುವುದು ಆಗಲೇ.

ಮೀನು ಮೇಲೆ ಹಾರುತ್ತಿರುವುದು ಕಂಡರೆ ಟ್ರೋಲಿಂಗ್ ಬಿಟ್ಟು, ಎಸೆದು ಎಳೆಯುವ ಲ್ಯೂರುಗಳಾದ ಪಾಪರ್ ಅಥವಾ ಸ್ಟಿಕ್‌ಬೈಟ್ ಎಸೆಯಿರಿ. ಗಾಳಿ ಬೀಸುವ ಕಡೆಯಿಂದ ಬಂದು, ಗುಂಪಿಗೆ ಐವತ್ತು ಮೀಟರ್ ಇರುವಾಗಲೇ ಎಂಜಿನ್ ನ್ಯೂಟ್ರಲ್ ಮಾಡಿ ತೇಲಬೇಕು. ನಡುವೆ ನುಗ್ಗಿಸಿದರೆ ಗುಂಪು ಮುಳುಗಿ ಅರ್ಧ ಕಿಲೋಮೀಟರ್ ಆಚೆ ಏಳುತ್ತದೆ. ಇದನ್ನು ಅಡ್ವಾನ್ಸ್ ಕೊಡುವ ಮೊದಲೇ ತಾಂಡೇಲರ ಜೊತೆ ಮಾತಾಡಿಕೊಳ್ಳಿ, ಬಲೆಯವರಿಗೆ ಗುಂಪಿನ ಮೇಲೇ ಹೋಗುವ ಅಭ್ಯಾಸ. ಲ್ಯೂರಿನ ಅಳತೆ ಮೀನು ತಿನ್ನುವುದನ್ನು ಹೋಲಬೇಕು. ಬೊಲೆಂಜಿರ್‌ನಂಥ ಪುಟ್ಟ ಮೀನು ತಿನ್ನುತ್ತಿರುವಾಗ ಇಪ್ಪತ್ತು ಸೆಂಟಿಮೀಟರಿನ ಪಾಪರ್ ಎಸೆದರೆ ಸುತ್ತಲೂ ಮೀನು ಹಾರುತ್ತಲೇ ಇರುತ್ತದೆ, ಒಂದೂ ಕಚ್ಚುವುದಿಲ್ಲ. ಆಗ 40–60 ಗ್ರಾಮಿನ ಸಣ್ಣ ಲೋಹದ ಜಿಗ್ ಎಸೆದು ಆದಷ್ಟು ವೇಗವಾಗಿ ಸುತ್ತಿ. ಒಟ್ಟಿಗೆ ಎಸೆಯುವವರು ಇಬ್ಬರೇ ಇರಲಿ, ಹಿಂದೆ ಯಾರು ನಿಂತಿದ್ದಾರೆಂದು ನೋಡಿಯೇ ಬೀಸಿ. ಮೂರು ಮುಳ್ಳಿನ ಗಾಳ ತೆಗೆದು ಒಂಟಿ ಗಾಳ ಹಾಕಿ ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡುವುದು ಜಾಣತನ. ಆಸ್ಪತ್ರೆ ಆರು ಗಂಟೆ ದೂರ ಇರುವ ಜಾಗದಲ್ಲಿ ಕೈಗೆ ಚುಚ್ಚಿದ ಗಾಳ ಸುಲಭವಾಗಿ ಹೊರಬರಬೇಕು.

ಗುಂಪಿನ ಜೊತೆ ತಿಮಿಂಗಿಲ ಶಾರ್ಕ್ ಕಂಡರೆ ಹತ್ತಿರ ಎಸೆಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಅದಕ್ಕೆ ರಕ್ಷಣೆ ಉಂಟು, ಡಾಲ್ಫಿನ್ ಮತ್ತು ಕಡಲಾಮೆಗಳಿಗೂ ಉಂಟು.

ಎಂಟೂವರೆ ಕಳೆದ ಮೇಲೆ ಬಿಸಿಲಿನಲ್ಲಿ ಇನ್ನೂ ನಾಲ್ಕು ಗಂಟೆ ಓಡಾಡುವುದಕ್ಕಿಂತ ಮನೆಯ ದಿಕ್ಕಿಗೇ ಟ್ರೋಲಿಂಗ್ ಮಾಡುತ್ತಾ ಬರುವುದು ಲೇಸು. ದಾರಿಯಲ್ಲಿ ಅಂಜಲ್ ಮೀನು ಬಿದ್ದರೂ ಬೀಳಬಹುದು. ಅಂಜಲಿನ ಹಲ್ಲಿಗೆ ನೈಲಾನ್ ಲೀಡರ್ (ಗಾಳದ ಹತ್ತಿರದ ತುದಿದಾರ) ನಿಲ್ಲುವುದಿಲ್ಲ. ಒಂದು ದಾರಕ್ಕೆ ಗೇಣುದ್ದ ಉಕ್ಕಿನ ತಂತಿ ಹಾಕಿಟ್ಟಿರಿ.

ರೀಲ್, ದಾರ, ಗಂಟು

ಎರಡೇ ರಾಡು ತರಬಹುದು ಎಂದಾದರೆ: ಒಂದು ಏಳೂವರೆ ಅಡಿಯ ಎಸೆಯುವ ರಾಡಿಗೆ 10000 ಅಳತೆಯ ಸ್ಪಿನ್ನಿಂಗ್ ರೀಲ್, ಇನ್ನೊಂದು ಆರಡಿಯ ಗಿಡ್ಡ ರಾಡಿಗೆ ಮೇಲೆ ಕೂರುವ ಡ್ರಮ್ ರೀಲ್. ಮೊದಲನೆಯದು ಪಾಪರಿಗೂ ಜಿಗ್ಗಿಗೂ, ಎರಡನೆಯದು ಟ್ರೋಲಿಂಗಿಗೂ ಜೀವಂತ ಆಮಿಷಕ್ಕೂ. ಎಸೆಯುವ ಕೆಲಸಕ್ಕೆ ಡ್ರಮ್ ರೀಲ್ ಹೊಸಬರ ಕೈಯಲ್ಲಿ ದಾರ ಸಿಕ್ಕಾಗಿ ಗೂಡುಕಟ್ಟಿಬಿಡುತ್ತದೆ. ಹೊಳೆಯಲ್ಲಿ ಬಳಸುವ 4000 ರೀಲ್ ಸಣ್ಣ ಕೇದರಕ್ಕೆ ಸಾಕು. ಹದಿನೈದು ಕಿಲೋದ ಹಳದಿ ರೆಕ್ಕೆಯದು ಮೊದಲ ಓಟದಲ್ಲೇ ನೂರು ಮೀಟರಿಗಿಂತ ಹೆಚ್ಚು ದಾರ ಎಳೆಯುತ್ತದೆ, ಆ ಬಿಸಿಗೆ ಅಗ್ಗದ ರೀಲಿನ ಡ್ರ್ಯಾಗ್ (ದಾರ ಹೊರಹೋಗುವುದನ್ನು ತಡೆಯುವ ಬ್ರೇಕ್) ಬಿಲ್ಲೆಗಳು ಹಿಡಿದುಕೊಳ್ಳುತ್ತವೆ, ದಾರ ಹರಿಯುತ್ತದೆ.

ದಾರದಲ್ಲಿ ಬ್ರೇಡ್ (ಹೆಣೆದ ದಾರ) ತೆಳು, ಗಟ್ಟಿ, ಎಳೆದರೆ ಹಿಗ್ಗುವುದಿಲ್ಲ. ಎಸೆಯಲಿಕ್ಕೂ ಜಿಗ್ಗಿಗೂ ಅದೇ ಬೇಕು. ಟ್ರೋಲಿಂಗಿಗೆ ಮಾತ್ರ ದಪ್ಪ ನೈಲಾನ್ ಮೇಲು. ಓಡುವ ಬೋಟಿನ ಹಿಂದೆ ಮೀನು ಬಡಿದಾಗ ಆ ಹಿಗ್ಗುವಿಕೆಯೇ ಬಾಯಿ ಹರಿಯದಂತೆ ಕಾಯುತ್ತದೆ. ಬ್ರೇಡ್ ಆದರೆ ದಪ್ಪದ ಅಳತೆ ಪಿಇ 4 ಅಥವಾ 5, ಕನಿಷ್ಠ 300 ಮೀಟರ್. ಮುಂದೆ 60–80 ಪೌಂಡಿನ ಫ್ಲೋರೋಕಾರ್ಬನ್ ಲೀಡರ್ ಎರಡು ಮಾರು. ಎರಡನ್ನೂ ಜೋಡಿಸಲು ಎಫ್‌ಜಿ ಗಂಟು ಉತ್ತಮ, ಕೊಂಡಿಗಳಲ್ಲಿ ಸಿಕ್ಕಿಕೊಳ್ಳದೆ ಜಾರುತ್ತದೆ. ಆದರೆ ಇಪ್ಪತ್ತು ಸುತ್ತು ಬಿಗಿಯಾಗಿ ಬೀಳದಿದ್ದರೆ ಭಾರ ಬಿದ್ದಾಗ ಸರ್ರನೆ ಜಾರುತ್ತದೆ. ಹೊರಳುವ ಬೋಟಿನಲ್ಲಿ ಟಾರ್ಚ್ ಬಾಯಲ್ಲಿಟ್ಟು ಕಟ್ಟುವ ಗಂಟಲ್ಲ ಅದು. ಮನೆಯಲ್ಲೇ ಕಟ್ಟಿ, ಇನ್ನೊಂದು ರಾಡನ್ನೂ ಕಟ್ಟಿಟ್ಟುಕೊಂಡು ಬನ್ನಿ.

ಡ್ರ್ಯಾಗನ್ನು ಬೆರಳಿನ ಅಂದಾಜಿಗೆ ಬಿಡಬೇಡಿ. ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ, ರಾಡು ಬಾಗಿಸಿ ಎಳೆದು ನೋಡಿ. ದಾರದ ಶಕ್ತಿಯ ನಾಲ್ಕನೇ ಒಂದು ಪಾಲು, ಅಂದರೆ 25 ಕಿಲೋ ದಾರಕ್ಕೆ ಆರು ಕಿಲೋ ಆಸುಪಾಸು. ಓಡುವ ಮೀನಿಗೆ ಡ್ರ್ಯಾಗ್ ಬಿಗಿ ಮಾಡುವುದು ಮೀನು ಕಳೆದುಕೊಳ್ಳುವ ಅತಿ ಸಾಮಾನ್ಯ ಕಾರಣ. ದಾರವನ್ನು ಬರಿಗೈಗೆ ಸುತ್ತಿ ಹಿಡಿಯುವುದಂತೂ ಬೆರಳು ಕಳೆದುಕೊಳ್ಳುವ ದಾರಿ.

ಕೊನೆಗೆ ಕೇದರ ಬೋಟಿನ ಕೆಳಗೆ ಸುತ್ತು ಹಾಕಲು ಶುರುಮಾಡುತ್ತದೆ. ಸುತ್ತು ಬೋಟಿನ ಕಡೆಗೆ ಬರುವಾಗ ದಾರ ಸುತ್ತಿಕೊಳ್ಳಿ, ಆಚೆ ಹೋಗುವಾಗ ಸುಮ್ಮನೆ ತಡೆದು ನಿಲ್ಲಿ. ಕೊಕ್ಕೆಯನ್ನು ತಲೆಗೇ ಹಾಕಬೇಕು. ಹೊಟ್ಟೆಗೆ ಹಾಕಿದರೆ ಮಾಂಸ ಹಾಳು, ಬಾಲದ ಹತ್ತಿರ ಹಾಕಿದರೆ ಕೊಕ್ಕೆಯೂ ಹೋಗುತ್ತದೆ.

ಐಸ್

ಇಷ್ಟೆಲ್ಲ ಮಾಡಿ ಹಿಡಿದ ಮೀನನ್ನು ಡೆಕ್ಕಿನಲ್ಲಿಟ್ಟು ಫೋಟೋ ತೆಗೆಯುತ್ತಾ ಕೂತರೆ ಎಲ್ಲ ದಂಡ. ಕೇದರದ ಮೈ ಸುತ್ತಲಿನ ನೀರಿಗಿಂತ ಬಿಸಿ. ಹೋರಾಡಿದ ಮೇಲೆ ಇನ್ನೂ ಬಿಸಿ. ರಕ್ತ ಬಸಿಯದೆ, ತಣಿಸದೆ ಬಿಟ್ಟರೆ ಮಾಂಸ ಬೆಂದಂತೆ ಬಿಳಚಿ, ಹುಳಿ ರುಚಿ ಬರುತ್ತದೆ. ಹತ್ತಿದ ಕೂಡಲೇ ತಲೆಗೆ ಬಲವಾದ ಒಂದು ಪೆಟ್ಟು, ಎರಡೂ ಬದಿಯಲ್ಲಿ ಎದೆಯ ರೆಕ್ಕೆಯ ಬುಡದಿಂದ ಎರಡು ಬೆರಳು ಹಿಂದೆ ಅರ್ಧ ಇಂಚು ಆಳದ ಗೀರು, ಕಿವಿರಿನ ಒಳಗೊಂದು ಗೀರು. ಹೋಸ್‌ ನೀರು ಬಿಟ್ಟು ಐದರಿಂದ ಹತ್ತು ನಿಮಿಷ ರಕ್ತ ಹರಿಯಲಿ. ಆಮೇಲೆ ಕಿವಿರು, ಕರುಳು ತೆಗೆದು, ಎರಡು ಪಾಲು ಪುಡಿ ಐಸಿಗೆ ಒಂದು ಪಾಲು ಕಡಲನೀರು ಬೆರೆಸಿದ ತೊಟ್ಟಿಗೆ ಪೂರ್ತಿ ಮುಳುಗಿಸಿ. ಬರೀ ಐಸಿನ ಮೇಲೆ ಇಟ್ಟರೆ ತಾಗಿದ ಕಡೆ ಮಾತ್ರ ತಣಿಯುತ್ತದೆ, ನಡುವಿನ ಬಿಸಿ ಗಂಟೆಗಟ್ಟಲೆ ಉಳಿಯುತ್ತದೆ.

ನಮ್ಮ ಸೆಕೆಗೆ ಒಂದು ಕಿಲೋ ಮೀನಿಗೆ ಎರಡು ಕಿಲೋ ಐಸ್ ಲೆಕ್ಕ ಇಟ್ಟುಕೊಳ್ಳಿ. ಐಸ್ ಪ್ಲಾಂಟಿನಲ್ಲಿ ಅರ್ಧ ಪುಡಿ ಮಾಡಿಸಿ, ಅರ್ಧವನ್ನು ಹಾಗೇ ಬ್ಲಾಕ್ ಇಡಿ. ಪುಡಿ ಬೇಗ ತಣಿಸುತ್ತದೆ, ಬ್ಲಾಕ್ ಮರುದಿನ ಮಧ್ಯಾಹ್ನದವರೆಗೆ ಬಾಳುತ್ತದೆ.

ಇದು ರುಚಿಯ ಮಾತಷ್ಟೇ ಅಲ್ಲ. ಬೆಚ್ಚಗೆ ಉಳಿದ ಕೇದರದಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಿಡಿನ್ ಎಂಬ ಅಂಶವನ್ನು ಹಿಸ್ಟಮಿನ್ ಆಗಿ ಮಾಡುತ್ತವೆ. ಅದು ಮೀನು ಕೆಟ್ಟ ವಾಸನೆ ಬರುವ ಮೊದಲೇ ಆಗಬಹುದು, ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ಹುಳಿ ಖಾರ ಹಾಕಿದ ಸಾರಿನಲ್ಲಿ ಗೊತ್ತೂ ಆಗುವುದಿಲ್ಲ. ಬಾಯಿಗಿಟ್ಟಾಗ ನಾಲಿಗೆ ಮೆಣಸು ತಾಗಿದ ಹಾಗೆ ಚುರುಗುಟ್ಟಿದರೆ, ತಿಂದ ಸ್ವಲ್ಪ ಹೊತ್ತಿನಲ್ಲಿ ಮುಖ ಕೆಂಪಾಗಿ ತಲೆ ಸಿಡಿದರೆ ಆ ಮೀನನ್ನು ಬೆಕ್ಕಿಗೂ ಹಾಕದೆ ಎಸೆಯಿರಿ, ತಿಂದವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಉಳಿದದ್ದು ಚುಟುಕಾಗಿ

ಆರು ಜನಕ್ಕಿಂತ ಹೆಚ್ಚು ಬೇಡ. ವಾಂತಿಯ ಮಾತ್ರೆಯನ್ನು ಡಾಕ್ಟರನ್ನು ಕೇಳಿ, ಬೋಟು ಹತ್ತುವ ಒಂದೆರಡು ಗಂಟೆ ಮೊದಲೇ ನುಂಗಬೇಕು. ತಲೆ ಸುತ್ತಿದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ಗಂಜಿ, ಉಪ್ಪಿನಕಾಯಿ ಸಾಕು, ಕರಿದದ್ದು ಬೇಡ. ಕೂರುವುದು ಬೋಟಿನ ನಡುವೆ, ಹೊಗೆಕೊಳವೆಯಿಂದ ದೂರ. 20–25 ಕಿ.ಮೀ. ದಾಟಿದ ಮೇಲೆ ಮೊಬೈಲ್ ನಂಬುವಂತಿಲ್ಲ. ಹಾಗೆಂದು ವಿದೇಶದಿಂದ ತಂದ ಸ್ಯಾಟಲೈಟ್ ಫೋನನ್ನೋ ಮೆಸೆಂಜರನ್ನೋ ಒಯ್ಯಬೇಡಿ, ಅನುಮತಿ ಇಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. ಯಾವ ಬೋಟು, ಯಾರ್ಯಾರು, ಯಾವ ದಿಕ್ಕು, ಎಷ್ಟು ಗಂಟೆಗೆ ವಾಪಸು ಎಂದು ಬರೆದು ಮನೆಯಲ್ಲಿ ಒಬ್ಬರ ಕೈಗೆ ಕೊಟ್ಟು ಹೋಗಿ. ಹೇಳಿದ ಹೊತ್ತಿಗಿಂತ ಮೂರು ಗಂಟೆ ತಡವಾದರೆ ಅವರು ಕರೆಯಬೇಕಾದ ಸಂಖ್ಯೆಗಳನ್ನೂ ಅದೇ ಚೀಟಿಯಲ್ಲಿ ಬರೆಯಿರಿ: ಕರಾವಳಿ ಕಾವಲು ಪಡೆ 1554, ಕರಾವಳಿ ಪೊಲೀಸ್ 1093.